ಎರಡು ಊರು, ಒಂದು ಟೋಕನ್

2024ರ ಫೆಬ್ರವರಿ ಕೊನೆ. ಮೀಟಿಂಗ್ ಮುಗಿಸಿ ಫೋನ್ ನೋಡಿದರೆ ಅಪ್ಪನ ಮೂರು ಮಿಸ್ಡ್ ಕಾಲ್. ಅಪ್ಪ ಸುಮ್ಮಸುಮ್ಮನೆ ಫೋನ್ ಮಾಡೋನಲ್ಲ. ಗಾಬರಿಯಿಂದ ವಾಪಸ್ ಮಾಡಿದೆ.

‘ಆ ವಿಡಿಯೊ ನೋಡ್ದೇನವ್ವಾ? ಮೆಟ್ರೋದಲ್ಲಿ ರೈತನ್ನ ಒಳಿಕ್ ಬುಡ್ನಿಲ್ವಂತೆ. ಬಟ್ಟೆ ಕೊಳೆಯಾಗದೆ ಅಂತ.’

ನೋಡಿದ್ದೆ. ನೀವೂ ನೋಡಿರ್ತೀರಿ. ರಾಜಾಜಿನಗರ ಮೆಟ್ರೋ ನಿಲ್ದಾಣ, ತಲೆ ಮೇಲೆ ಗಂಟು ಹೊತ್ತ ವಯಸ್ಸಾದ ರೈತ, ತಡೆದು ನಿಲ್ಲಿಸಿದ ಭದ್ರತಾ ಸಿಬ್ಬಂದಿ. ಅವರ ಹತ್ತಿರ ಟಿಕೆಟ್ ಇತ್ತು. ಚೀಲದಲ್ಲಿ ನಿಷೇಧಿಸಿದ ವಸ್ತು ಏನೂ ಇರಲಿಲ್ಲ. ಜೊತೆಯ ಪ್ರಯಾಣಿಕರೊಬ್ಬರು ‘ಯಾವ ರೂಲ್ಸಲ್ಲಿದೆ ತೋರಿಸಿ’ ಅಂತ ಜಗಳಕ್ಕೆ ನಿಂತರು. ವಿಡಿಯೊ ಹರಡಿದ ಮೇಲೆ ಮೆಟ್ರೋ ನಿಗಮ ವಿಷಾದ ವ್ಯಕ್ತಪಡಿಸಿ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಿತು.

ಇದನ್ನೆಲ್ಲ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಮುಂದಿನ ತಿಂಗಳು ಕಣ್ ತೋರ್ಸಕ್ಕೆ ಬತ್ತೀನಿ ಅಂದಿದ್ನಲ್ಲ, ಬ್ಯಾಡ ಬುಡು. ಮಂಡ್ಯದಲ್ಲೇ ಎಲ್ಲಾದ್ರೂ ತೋರುಸ್ಕತೀನಿ’ ಅಂದ.

ಅಪ್ಪ ಮೂವತ್ತು ವರ್ಷ ವಿ.ಸಿ. ಫಾರಂನ ಗದ್ದೆ ತಾಕುಗಳಲ್ಲಿ ದುಡಿದವನು. ನಾಟಿ, ಕಳೆ, ಕೊಯ್ಲು, ತಳಿಗಳ ಚೀಟಿ ಕಟ್ಟೋದು. ವಿ.ಸಿ. ಅಂದರೆ ವಿಶ್ವೇಶ್ವರಯ್ಯ ಕೆನಾಲ್. ಕನ್ನಂಬಾಡಿಯಿಂದ ಹೊರಟ ಇರ್ವಿನ್ ನಾಲೆಗೆ ಆಮೇಲೆ ಬಂದ ಹೆಸರು ಅದು. ನಾಲೆ ನೀರು ಮಂಡ್ಯದ ಒಣ ಹೊಲಗಳಿಗೆ ಬಂದ ಕಾಲದಲ್ಲಿ, ಈ ನೀರಿನಲ್ಲಿ ಏನು ಬೆಳೆಯಬೇಕು, ಹೇಗೆ ಬೆಳೆಯಬೇಕು ಅಂತ ನೋಡೋಕೆ ಹುಟ್ಟಿದ್ದು ನಮ್ಮ ಫಾರಂ. ಬೆಂಗಳೂರಿನ ತಟ್ಟೆಗೆ ಅನ್ನ ಹೋಗೋದು ಇಂಥ ಕಡೆಯಿಂದ. ನಲ್ಲಿಗೆ ಕಾವೇರಿ ಹೋಗೋದು ನಮ್ಮ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಬೆಂಗಳೂರಿಗೆ ಮೊದಲು ಕರೆಂಟು ಹೋಗಿದ್ದೂ ಅದೇ ತಾಲ್ಲೂಕಿನ ಶಿವನಸಮುದ್ರದಿಂದ, 1905ರಲ್ಲಿ. ಅನ್ನ, ನೀರು, ಬೆಳಕು ಎಲ್ಲ ಹೋಗಬಹುದು. ಆ ಮಣ್ಣು ಮೆತ್ತಿದ ಅಂಗಿ ಮಾತ್ರ ಹೋಗಬಾರದಾ?

ಬೆಂಗಳೂರಿನಲ್ಲಿ ಯಾರು ಎಲ್ಲಿಗೆ ಹೋಗಬಹುದು ಅನ್ನೋ ಪ್ರಶ್ನೆ ಹೊಸದಲ್ಲ. ಅದಕ್ಕೆ ಇನ್ನೂರು ವರ್ಷದ ಚರಿತ್ರೆ ಇದೆ. ಆ ಚರಿತ್ರೆಯ ಮೇಲೆಯೇ ನಾವು ದಿನಾ ಟೋಕನ್ ಹಿಡಿದು ಓಡಾಡ್ತೀವಿ.

*

ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದು ಪೇಟೆ ಊರು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಅಲ್ಲಿದ್ದ ಬ್ರಿಟಿಷ್ ಸೇನೆ ಹತ್ತು ವರ್ಷದೊಳಗೆ ಬೆಂಗಳೂರಿಗೆ ಬಂದು, ಪೇಟೆಯಿಂದ ದೂರವಾಗಿ ಹಲಸೂರಿನ ಕಡೆ ದಂಡು ಹೂಡಿತು. ಆ ದಂಡೇ ಕಂಟೋನ್ಮೆಂಟ್ ಆಯಿತು. ಎರಡೂ ಕಡೆಯ ಬೀದಿಗಳ ಹೆಸರು ನೋಡಿ. ಅಕ್ಕಿಪೇಟೆ, ಬಳೇಪೇಟೆ, ರಾಗಿಪೇಟೆ ಒಂದು ಕಡೆ. ಸೌತ್ ಪರೇಡ್, ಬ್ರಿಗೇಡ್ ರೋಡ್, ಇನ್‌ಫೆಂಟ್ರಿ ರೋಡ್, ಕ್ಯಾವಲ್ರಿ ರೋಡ್ ಇನ್ನೊಂದು ಕಡೆ. ಒಂದು ಕಡೆ ಬೀದಿಗೆ ಸರಕಿನ ಹೆಸರು, ಇನ್ನೊಂದು ಕಡೆ ಸೈನ್ಯದ ಹೆಸರು.

ಕಂಟೋನ್ಮೆಂಟ್ ಅಂದ ಕೂಡಲೇ ಬರೀ ಬಿಳಿಯರ ಊರು ಅಂದ್ಕೋಬೇಡಿ. ಅಲ್ಲಿದ್ದವರಲ್ಲಿ ಬಹುಪಾಲು ಜನ ನಮ್ಮವರೇ. ದಂಡಿನ ಜೊತೆ ಬಂದ ತಮಿಳು ಕೂಲಿಗಳು, ವ್ಯಾಪಾರಿಗಳು, ಉರ್ದು ಮಾತಾಡುವ ಕುಟುಂಬಗಳು, ಆಂಗ್ಲೋ ಇಂಡಿಯನ್ನರು. ಪೇಟೆಯಲ್ಲಿ ಕನ್ನಡ, ತೆಲುಗು, ಮರಾಠಿ. 1862ರಲ್ಲಿ ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ ಬಂತು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂತಿರುಗಿಸಿದರು. ಆದರೆ ಕಂಟೋನ್ಮೆಂಟನ್ನು ಕೊಡಲಿಲ್ಲ. ಅದು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅನ್ನೋ ಹೆಸರಲ್ಲಿ ಬ್ರಿಟಿಷ್ ರೆಸಿಡೆಂಟನ ಕೈಯಲ್ಲೇ ಉಳಿಯಿತು. ಬೇರೆ ಪೊಲೀಸು, ಬೇರೆ ಕೋರ್ಟು, ಬೇರೆ ತೆರಿಗೆ. ಒಂದೇ ಊರಿನಲ್ಲಿ ಎರಡು ಸರ್ಕಾರ.

ಇವೆರಡರ ಮಧ್ಯೆ ಇದ್ದದ್ದು ಬಯಲು. ಅಲ್ಲಿ 1860ರ ದಶಕದಲ್ಲಿ ಅಠಾರಾ ಕಚೇರಿ ಎದ್ದಿತು. 1870ರಲ್ಲಿ ಕಬ್ಬನ್ ಪಾರ್ಕ್ ಬಂತು. ಭಾನುವಾರ ನಾಯಿ ಹಿಡಿದು ವಾಕ್ ಹೋಗ್ತೀವಲ್ಲ, ಅದು ಎರಡು ಊರುಗಳ ನಡುವಿನ ಅಂತರ. ಆ ಅಂತರಕ್ಕೆ ಹಸಿರು ಬಟ್ಟೆ ಹೊದೆಸಿದ್ದಾರೆ, ಅಷ್ಟೇ.

*

ಈಗ ರೈಲಿನ ಕತೆ. 1864ರಲ್ಲಿ ಮದ್ರಾಸ್ ಕಡೆಯಿಂದ ಜೋಲಾರ್‌ಪೇಟೆ ಮೂಲಕ ಬೆಂಗಳೂರಿಗೆ ಮೊದಲ ರೈಲು ಬಂತು. ಎಲ್ಲಿಗೆ ಬಂತು? ಕಂಟೋನ್ಮೆಂಟಿಗೆ. ಅಲ್ಲೇ ನಿಂತಿತು. ಪೇಟೆಯ ವ್ಯಾಪಾರಿ ರೈಲು ಹಿಡಿಯಬೇಕಾದರೆ ಬಯಲು ದಾಟಿ ಆ ಕಡೆ ಹೋಗಬೇಕಿತ್ತು.

ಪೇಟೆ ಕಡೆಗೆ ರೈಲು ನಿಲ್ದಾಣ ಬರೋಕೆ 1880ರ ದಶಕದ ಆರಂಭದವರೆಗೂ ಕಾಯಬೇಕಾಯ್ತು. ಅದು ಬಂದದ್ದು ನಮ್ಮ ಕಡೆಯ ದೆಸೆಯಿಂದ. 1876ರಿಂದ 78ರ ಭೀಕರ ಬರದಲ್ಲಿ ಜನರಿಗೆ ಕೂಲಿ ಕೊಡಲು ಶುರುವಾದ ಕೆಲಸಗಳಲ್ಲಿ ಬೆಂಗಳೂರು–ಮೈಸೂರು ಹಳಿಯೂ ಒಂದು. ಮದ್ದೂರು, ಮಂಡ್ಯದ ಮೇಲೆ ಹಾದು 1882ರಲ್ಲಿ ಮೈಸೂರು ಮುಟ್ಟಿತು. ಹಸಿದವರು ಹಾಕಿದ ಹಳಿ ಅದು.

ಆದರೂ ಎರಡು ಊರು ಪೂರ್ತಿ ಸೇರಲಿಲ್ಲ. ಮದ್ರಾಸಿನಿಂದ ಬಂದದ್ದು ಬ್ರಾಡ್‌ಗೇಜ್, ಮೈಸೂರಿನದು ಮೀಟರ್‌ಗೇಜ್. ಮಂಡ್ಯದಲ್ಲಿ ಹತ್ತಿದವನು ಮದ್ರಾಸಿಗೆ ಹೋಗಬೇಕಾದರೆ ಬೆಂಗಳೂರಲ್ಲಿ ಗಂಟುಮೂಟೆ ಇಳಿಸಿ ರೈಲು ಬದಲಿಸಬೇಕು. ನಮ್ಮ ಕಡೆಯ ಹಳಿ ಅಗಲವಾಗಿದ್ದು 1990ರ ದಶಕದಲ್ಲಿ. ಅಪ್ಪನಿಗೆ ಆ ಸಣ್ಣ ರೈಲು ಇನ್ನೂ ನೆನಪಿದೆ.

ನಿಲ್ದಾಣ ಅನ್ನೋದು ಜನ ಸೇರಿಸುವ ಜಾಗವೂ ಹೌದು, ಬೇರ್ಪಡಿಸುವ ಜಾಗವೂ ಹೌದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಅದೂ ರೈಲು ಹತ್ತಿಕೊಂಡೇ. ಆ ಕಾಲದಲ್ಲಿ ದೇಶದ ತುಂಬಾ ರೈಲು ಪ್ರಯಾಣಿಕರನ್ನು ಇಳಿಸಿ ಮೈ ಮುಟ್ಟಿ ಪರೀಕ್ಷೆ ಮಾಡ್ತಿದ್ದರು. ಮೂರನೇ ದರ್ಜೆಯವರಿಗೆ ಆ ಪರೀಕ್ಷೆ ಹೆಚ್ಚು ಒರಟು. ಹಿಂದೂಗಳಿಗೆ ಒಂದು ನೀರು, ಮುಸ್ಲಿಮರಿಗೆ ಒಂದು ನೀರು ಅಂತ ಪ್ಲಾಟ್‌ಫಾರಂಗಳಲ್ಲಿ ಕೂಗಿ ಕೊಡ್ತಿದ್ದ ಕಾಲವೂ ಇತ್ತು.

ಅದೇ ನಿಲ್ದಾಣ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಮದ್ದೂರು ವಡೆ ಹುಟ್ಟಿದ್ದು ಮದ್ದೂರು ರೈಲು ನಿಲ್ದಾಣದಲ್ಲಿ, ಅದೂ ರೈಲು ಬರುವಷ್ಟರಲ್ಲಿ ಬೇಗ ಬೇಯಲಿ ಅಂತ ಹಿಟ್ಟು ತಟ್ಟಿ ಕರಿದಾಗ ಅನ್ನೋ ಕತೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ರೈಲು ನಿಲ್ಲದಿದ್ದರೆ ಆ ವಡೆ ಇಲ್ಲ. ನಿಲ್ಲುವ ಐದು ನಿಮಿಷದಲ್ಲಿ ಅಪರಿಚಿತರು ಒಬ್ಬರ ಪಕ್ಕ ಒಬ್ಬರು ನಿಂತು ತಿನ್ನುತ್ತಾರೆ. ಈ ‘ನಿಲ್ಲೋದು’ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

*

1947ರ ಜುಲೈಯಲ್ಲಿ, ಸ್ವಾತಂತ್ರ್ಯಕ್ಕೆ ಕೆಲವೇ ದಿನ ಮುಂಚೆ, ಕಂಟೋನ್ಮೆಂಟ್ ಮತ್ತೆ ಮೈಸೂರಿಗೆ ಸೇರಿತು. 1948ರಲ್ಲಿ ಸೌತ್ ಪರೇಡ್ ಮಹಾತ್ಮ ಗಾಂಧಿ ರಸ್ತೆ ಆಯಿತು. 1949ರಲ್ಲಿ ಎರಡೂ ಮುನಿಸಿಪಾಲಿಟಿ ಸೇರಿಸಿ ಒಂದು ಕಾರ್ಪೊರೇಷನ್ ಮಾಡಿದರು. ಕಾಗದದ ಮೇಲೆ ಊರು ಒಂದಾಯಿತು.

ಕಾಲಿನ ಮೇಲೆ ಒಂದು ಮಾಡಿದ್ದು ಬಸ್ಸು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಅಂತ ಖಾಸಗಿ ಕಂಪನಿ ಶುರುವಾಗಿತ್ತು. 1956ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡು ಬಿ.ಟಿ.ಎಸ್. ಆಯಿತು. 1997ರಲ್ಲಿ ಬಿ.ಎಂ.ಟಿ.ಸಿ. ಶಿವಾಜಿನಗರ ಮತ್ತು ಮಾರ್ಕೆಟ್ಟು, ಒಂದು ಹಳೆ ಕಂಟೋನ್ಮೆಂಟಿನ ಎದೆ, ಇನ್ನೊಂದು ಹಳೆ ಪೇಟೆಯ ಎದೆ. ಎರಡರ ನಡುವೆ ಬಸ್ಸುಗಳು ಒಂದೇ ಸಮ ಓಡಾಡಿದವು. ರಸೆಲ್ ಮಾರ್ಕೆಟ್ಟಿನ ಹೂ, ಚಿಕ್ಕಪೇಟೆಯ ಸೀರೆ ಒಂದೇ ಸೀಟಿನಲ್ಲಿ ಕೂತವು. ಪಕ್ಕದಲ್ಲಿ ಕೂತವನ ಜಾತಿ ಕೇಳಿ ಕೂರೋಕೆ ಸಿಟಿ ಬಸ್ಸಿನಲ್ಲಿ ಪುರುಸೊತ್ತಿಲ್ಲ.

ಎಲ್ಲ ದಾರಿಯೂ ಕೊನೆಗೆ ಸೇರಿದ್ದು ಮೆಜೆಸ್ಟಿಕ್ಕಿಗೆ. ಹೆಸರು ಸಿನಿಮಾ ಟಾಕೀಸಿನದು, ಜಾಗ ಧರ್ಮಾಂಬುಧಿ ಕೆರೆಯದು. ನೀರು ತುಂಬಿದ್ದ ಕಡೆ ಈಗ ಜನ. ಕೆರೆ ಹೋದದ್ದಕ್ಕೆ ನನಗೂ ಸಂಕಟ ಇದೆ. ಆದರೆ ಮಂಡ್ಯದಿಂದ ಬಂದ ಮೊದಲ ದಿನ ನನಗೆ ಬೆಂಗಳೂರು ಅಂದರೆ ಮೆಜೆಸ್ಟಿಕ್ಕೇ. ರೈಲು ಇಳಿದು, ಸಬ್‌ವೇ ಹೊಕ್ಕು, ಆ ಕಡೆ ಎದ್ದರೆ ಬಸ್ಸು. ಯಾರೂ ‘ಯಾಕೆ ಬಂದೆ’ ಅಂತ ಕೇಳಲಿಲ್ಲ. ಬೆಂಗಳೂರಿನಲ್ಲಿ ಯಾರೂ ಯಾರನ್ನೂ ಏನೂ ಕೇಳದ ಜಾಗ ಅಂತ ಇದ್ದರೆ ಅದು ಬಸ್ ಸ್ಟ್ಯಾಂಡು.

*

2011ರ ಅಕ್ಟೋಬರ್ 20ರಂದು ನಮ್ಮ ಮೆಟ್ರೋ ಶುರುವಾಯಿತು. ಎಲ್ಲಿಂದ ಎಲ್ಲಿಗೆ? ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ. ಇಂದಿರಾನಗರ, ಹಲಸೂರು, ಟ್ರಿನಿಟಿ ಎಲ್ಲ ಆ ಕಡೆಯವೇ. ಒಮ್ಮೆ 1864 ನೆನಪಿಸಿಕೊಳ್ಳಿ. ಆಗಲೂ ರೈಲು ಬಂದು ಕಂಟೋನ್ಮೆಂಟ್‌ನಲ್ಲಿ ನಿಂತಿತ್ತು, ಈಗಲೂ ಅಲ್ಲೇ ನಿಂತಿತು. ಯಾರೋ ಬೇಕಂತಲೇ ಹೀಗೆ ಮಾಡಿದರು ಅಂತ ನಾನು ಹೇಳ್ತಿಲ್ಲ. ಅಲ್ಲಿ ಅಗಲ ರಸ್ತೆ ಇತ್ತು, ಕಂಬ ನಿಲ್ಲಿಸಿ ಮೇಲೆ ಹಳಿ ಹಾಕಬಹುದಿತ್ತು. ಈ ಕಡೆ ಇಕ್ಕಟ್ಟಾದ ಪೇಟೆ, ಗಟ್ಟಿ ಬಂಡೆ, ಸುರಂಗವೇ ಗತಿ. ಆದರೆ ಅಗಲ ರಸ್ತೆ ಅಲ್ಲೇ ಯಾಕಿತ್ತು ಅಂದರೆ ಉತ್ತರ ಮತ್ತೆ ದಂಡಿನ ಕಾಲಕ್ಕೇ ಹೋಗುತ್ತೆ. ಹಳೇ ಊರಿನ ನಕ್ಷೆ ಹೊಸ ಯೋಜನೆಯ ಕೈ ಹಿಡಿದು ಬರೆಸುತ್ತೆ.

2014ರಲ್ಲಿ ಪೀಣ್ಯದಿಂದ ಸಂಪಿಗೆ ರಸ್ತೆವರೆಗೆ ಇನ್ನೊಂದು ತುಂಡು ಬಂತು. 2015ರಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆವರೆಗೆ ಮತ್ತೊಂದು. ಮೂರು ತುಂಡು, ಒಂದಕ್ಕೊಂದು ಸಂಬಂಧ ಇಲ್ಲ. ಪೂರ್ವಕ್ಕೂ ಪಶ್ಚಿಮಕ್ಕೂ ನಡುವೆ ಉಳಿದಿದ್ದ 4.8 ಕಿಲೋಮೀಟರ್ ಸುರಂಗ ಯಾವುದು ಅಂತ ನಕ್ಷೆ ತೆಗೆದು ನೋಡಿ. ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜು, ಮೆಜೆಸ್ಟಿಕ್. ಅದೇ ಹಳೇ ಬಯಲು, ಅದರ ಅಂಚು. ಆ ಕಡೆ ಸುರಂಗ ಕೊರೆದ ಯಂತ್ರಗಳಿಗೆ ಹೆಲೆನ್, ಮಾರ್ಗರೀಟಾ ಅಂತ ಹೆಸರಿಟ್ಟಿದ್ದರು. ಪೇಟೆಯ ಕೆಳಗೆ ಕೊರೆದವಕ್ಕೆ ಕೃಷ್ಣಾ, ಕಾವೇರಿ. ನಗಬೇಡಿ, ನಿಜ.

2016ರ ಏಪ್ರಿಲ್ ಕೊನೆಗೆ ಆ ಸುರಂಗ ತೆರೆಯಿತು. ಬೈಯಪ್ಪನಹಳ್ಳಿಯಲ್ಲಿ ಹತ್ತಿದವರು ಇಳಿಯದೆ ಮೈಸೂರು ರಸ್ತೆಗೆ ಬಂದರು. 2017ರ ಜೂನ್‌ನಲ್ಲಿ ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ನಿಲ್ದಾಣ ತೆರೆದು ಪೇಟೆಯ ಹೊಟ್ಟೆಗೂ ಮೆಟ್ರೋ ಬಂತು.

ಅದೇ 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಭೆ. ಮೈಸೂರು ರಸ್ತೆ ಕಡೆಯ ಡಿಪೋ ಒಂದರಲ್ಲಿ ತಮಿಳುನಾಡು ನೋಂದಣಿಯ ಬಸ್ಸುಗಳು ಸಾಲಾಗಿ ಸುಟ್ಟವು. ನಾನು ಮಂಡ್ಯದವಳು. ನಾಲೆಯಲ್ಲಿ ನೀರಿಲ್ಲದಿದ್ದರೆ ನಮ್ಮ ಮನೆ ಹೇಗಿರುತ್ತೆ ಅಂತ ಗೊತ್ತು. ಆದರೆ ಬಸ್ಸು ಸುಡೋದನ್ನು ಟಿ.ವಿ.ಯಲ್ಲಿ ನೋಡಿದಾಗ ಅನ್ನಿಸಿದ್ದು ಇಷ್ಟೇ: ಹಳಿ ಹಾಕಿದ ಮಾತ್ರಕ್ಕೆ ಊರು ಸೇರಲ್ಲ. ಸುರಂಗ ಮುಗಿದರೂ ಕೆಲಸ ಮುಗಿಯಲ್ಲ.

*

ಹಾಗಾದರೆ ಇನ್ನೇನು ಬೇಕು?

ಮೊದಲನೆಯದು, ನಿಲ್ಲಬೇಕು. ಬರ್ಲಿನ್ ಗೋಡೆಯ ಕಾಲದಲ್ಲಿ ಪಶ್ಚಿಮ ಬರ್ಲಿನ್ನಿನ ಕೆಲವು ಮೆಟ್ರೋ ರೈಲುಗಳು ಪೂರ್ವ ಬರ್ಲಿನ್ನಿನ ನೆಲದಡಿ ಹಾದುಹೋಗುತ್ತಿದ್ದವು. 1961ರಿಂದ 1989ರವರೆಗೆ ಅಲ್ಲಿನ ನಿಲ್ದಾಣಗಳಲ್ಲಿ ನಿಲ್ಲುತ್ತಿರಲಿಲ್ಲ. ಮಂದ ಬೆಳಕು, ಕಾವಲುಗಾರರು, ಖಾಲಿ ಪ್ಲಾಟ್‌ಫಾರಂ. ಜನ ಅವನ್ನು ಭೂತ ನಿಲ್ದಾಣ ಅಂದರು. ಗೋಡೆ ಬಿದ್ದ ಎರಡೇ ದಿನಕ್ಕೆ ಅಂಥದ್ದೊಂದು ನಿಲ್ದಾಣದ ಬಾಗಿಲು ತೆರೆದರು.

ಈಗ ನಮ್ಮ ಹೆದ್ದಾರಿ ನೋಡಿ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು. ಮದ್ದೂರಿಗೆ ಬೈಪಾಸ್, ಮಂಡ್ಯಕ್ಕೆ ಬೈಪಾಸ್. ಅದೇ ವರ್ಷ ಆಗಸ್ಟ್‌ನಿಂದ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಹತ್ತುವಂತಿಲ್ಲ. ವೇಗದ ರಸ್ತೆಯಲ್ಲಿ ಅಪಘಾತಗಳು ಆಗ್ತಿದ್ದವು, ಹಾಗಾಗಿ ಆ ನಿಯಮಕ್ಕೆ ಕಾರಣ ಇದೆ. ನಾನೂ ಆ ರಸ್ತೆಯಲ್ಲಿ ಹೋಗ್ತೀನಿ, ಬೇಗ ತಲುಪಿದೆ ಅಂತ ಖುಷಿಪಡ್ತೀನಿ. ಆದರೆ ಆ ಕಡೆ ಗದ್ದೆ, ಈ ಕಡೆ ಮನೆ ಇರುವವನಿಗೆ ಅದು ರಸ್ತೆಯಲ್ಲ, ಬೇಲಿ. ಅದಕ್ಕೇ ನಮ್ಮ ಕಡೆಯ ಜನ ಅಂಡರ್‌ಪಾಸ್ ಕೊಡಿ, ಸ್ಕೈವಾಕ್ ಕೊಡಿ ಅಂತ ಬೀದಿಗಿಳಿದಿದ್ದು. ವಾರಾಂತ್ಯಕ್ಕೆ ಮೈಸೂರಿಗೆ ಹೋಗುವ ನಿಮಗೆ ಮಂಡ್ಯ ಅಂದರೆ ಈಗ ಒಂದು ಎಕ್ಸಿಟ್ ಬೋರ್ಡು. ನಮ್ಮದೂ ಒಂಥರಾ ಭೂತ ನಿಲ್ದಾಣವೇ.

ಎರಡನೆಯದು, ಎಟುಕಬೇಕು. ಕೊಲಂಬಿಯಾದ ಮೆಡೆಲಿನ್ ನಗರದಲ್ಲಿ ಬೆಟ್ಟದ ಮೇಲಿನ ಬಡವರ ಬಡಾವಣೆಗಳಿಗೆ 2004ರಲ್ಲಿ ತೂಗು ತೊಟ್ಟಿಲಿನ ಕೇಬಲ್ ಕಾರ್ ಹಾಕಿ, ಕೆಳಗಿನ ಮೆಟ್ರೋಗೆ ಜೋಡಿಸಿದರು. ಆಮೇಲೆ ಅಲ್ಲಿ ಲೈಬ್ರರಿ ಬಂತು, ಪಾರ್ಕ್ ಬಂತು. ನಮ್ಮಲ್ಲಿ ಅಂಥ ಕೆಲಸ ಮಾಡಿದ್ದು 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ. ನಮ್ಮವ್ವ ಆಧಾರ್ ಕಾರ್ಡ್ ಹಿಡಿದು ಒಬ್ಬಳೇ ಬೆಂಗಳೂರಿಗೆ ಬಂದಿದ್ದು ಅದಾದ ಮೇಲೆಯೇ. ಅದೇ ಮೆಟ್ರೋದಲ್ಲಿ 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ನಮ್ಮ ಆಫೀಸಿನ ಹೌಸ್‌ಕೀಪಿಂಗ್ ಅಕ್ಕ ಮರುವಾರದಿಂದ ಮತ್ತೆ ಬಸ್ಸು ಹಿಡಿದರು. ದರವೂ ಒಂದು ಗೇಟು.

ಮೂರನೆಯದು, ಕೂರೋಕೆ ಜಾಗ, ಓದೋಕೆ ಬರುವ ಬೋರ್ಡು. ಎಂ.ಜಿ. ರೋಡ್ ನಿಲ್ದಾಣದ ಪಕ್ಕ 2013ರಲ್ಲಿ ರಂಗೋಲಿ ಕಲಾ ಕೇಂದ್ರ ತೆರೆದರು. ಕಬ್ಬನ್ ಪಾರ್ಕ್ ನಿಲ್ದಾಣದ ಗೋಡೆಗಳ ಮೇಲೆ ಸೃಷ್ಟಿ ಸಂಸ್ಥೆಯ ವಿದ್ಯಾರ್ಥಿಗಳು ಚಿತ್ರ ಬರೆದರು. ಟಿಕೆಟ್ಟಿಗೆ ಸಂಬಂಧವಿಲ್ಲದೆ ಸುಮ್ಮನೆ ನಿಂತು ನೋಡಬಹುದಾದ ಜಾಗ ಅವು. 2017ರಲ್ಲಿ ಹಿಂದಿ ಫಲಕಗಳ ವಿರುದ್ಧ ದೊಡ್ಡ ಗಲಾಟೆಯಾಗಿ ಅವು ಇಳಿದವು. ಅದನ್ನು ಬರೀ ಭಾಷಾಭಿಮಾನ ಅಂದವರಿದ್ದಾರೆ. ನನ್ನಪ್ಪನಿಗೆ ಓದೋಕೆ ಬರೋದು ಕನ್ನಡ ಒಂದೇ. ಅವನಿಗೆ ದೊಡ್ಡ ಅಕ್ಷರದ ಕನ್ನಡ ಬೋರ್ಡು ಅಭಿಮಾನದ ವಿಷಯ ಅಲ್ಲ, ದಾರಿ.

ಕೊನೆಯದು, ಬಾಗಿಲಲ್ಲಿ ನಿಂತವನು. ಎಷ್ಟೇ ಚೆಂದದ ನಿಲ್ದಾಣ ಕಟ್ಟಿ, ಅದು ಯಾರದು ಅಂತ ತೀರ್ಮಾನ ಮಾಡೋದು ಎಕ್ಸ್-ರೇ ಯಂತ್ರದ ಪಕ್ಕ ನಿಂತ ಮನುಷ್ಯ. 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಪಂಚೆ ಉಟ್ಟ ರೈತರನ್ನು ತಡೆದಾಗ ಸರ್ಕಾರ ಏಳು ದಿನ ಮಾಲ್ ಮುಚ್ಚಿಸಿತು. ಮಾಲ್ ಖಾಸಗಿಯವರದು. ಮೆಟ್ರೋ ಹಾಗಲ್ಲ, ಅದು ಆ ರೈತನ ದುಡ್ಡಿನಲ್ಲೂ ಕಟ್ಟಿದ್ದು. ಪಾಪ, ಬಾಗಿಲಲ್ಲಿ ನಿಂತವನೂ ನಮ್ಮಂಥ ಊರಿಂದ ಬಂದು ಹನ್ನೆರಡು ಗಂಟೆ ಡ್ಯೂಟಿ ಮಾಡುವವನೇ ಇರಬಹುದು. ‘ಇಂಥವರು ನಮ್ಮ ಗಿರಾಕಿಗಳಲ್ಲ’ ಅಂತ ಅವನಿಗೆ ಹೇಳಿಕೊಟ್ಟವರು ಯಾರು? ನಾವು, ಅಂದರೆ ಲ್ಯಾಪ್‌ಟಾಪ್ ಬ್ಯಾಗಿನವರು, ಅದರಲ್ಲಿ ಪಾಲುದಾರರಲ್ಲವಾ?

*

ಅಪ್ಪ ಕೊನೆಗೂ ಬಂದ. ಒಂದು ತಿಂಗಳು ಪುಸಲಾಯಿಸಿದ ಮೇಲೆ. ಸಿಟಿ ರೈಲು ನಿಲ್ದಾಣದಲ್ಲಿ ಕಾದಿದ್ದೆ. ರೈಲಿಂದ ಇಳಿದವನನ್ನು ನೋಡಿ ಒಂದು ಕ್ಷಣ ಗುರುತೇ ಸಿಗಲಿಲ್ಲ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಶರ್ಟು, ಜರಿ ಅಂಚಿನ ಪಂಚೆ. ನನ್ನ ತಮ್ಮನ ಮದುವೆಗೆ ತೆಗೆಸಿದ್ದು.

‘ಏನಪ್ಪ ಇದು, ಆಸ್ಪತ್ರೆಗೆ ಹೋಗೋಕೆ?’

‘ಆಸ್ಪತ್ರೆಗಲ್ಲ ಕಣವ್ವ. ಮೆಟ್ರೋಗೆ.’

ನನಗೆ ಮಾತು ಹೊರಡಲಿಲ್ಲ. ರಾಜಾಜಿನಗರದಲ್ಲಿ ಒಬ್ಬರನ್ನು ತಡೆದದ್ದು ವಿಡಿಯೊ ಆಯಿತು, ಒಬ್ಬ ಕೆಲಸ ಕಳೆದುಕೊಂಡ. ಅದನ್ನು ನೋಡಿ ನೂರು ಕಿಲೋಮೀಟರ್ ದೂರದಲ್ಲಿ ಒಬ್ಬ ಮುದುಕ ಬೀರುವಿನಿಂದ ಮದುವೆ ಬಟ್ಟೆ ತೆಗೆದದ್ದು ಯಾವ ವಿಡಿಯೊದಲ್ಲೂ ಬರಲಿಲ್ಲ.

ಗೇಟಿನಲ್ಲಿ ಹುಡುಗನೊಬ್ಬ, ‘ಯಜಮಾನ್ರೇ, ಚೀಲ ಇಲ್ಲಿಡಿ’ ಅಂದ. ಚೀಲದಲ್ಲಿ ನಾಲ್ಕು ತೆಂಗಿನಕಾಯಿ, ಎರಡು ಅಚ್ಚು ಬೆಲ್ಲ. ಯಂತ್ರದೊಳಗೆ ಹೋಗಿ ಆ ಕಡೆ ಬಂತು. ಅಷ್ಟೇ. ಮೆಜೆಸ್ಟಿಕ್ ಆದ ಮೇಲೆ ‘ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು’ ಅಂತ ಧ್ವನಿ ಬಂದಾಗ ಅಪ್ಪ ತಿರುಗಿ ನೋಡಿದ. ‘ನಮ್ ಫಾರಂ ಎಸ್ರು!’ ಅವರು ಓದಿದ್ದು ಇಲ್ಲೇ ಅಂದೆ. ಮುಂದಿನದು ಅಂಬೇಡ್ಕರ್ ನಿಲ್ದಾಣ, ಆಮೇಲೆ ಕಬ್ಬನ್ ಪಾರ್ಕ್. ಆಮೇಲೆ ರೈಲು ನೆಲದಿಂದ ಮೇಲೆದ್ದು ಬೆಳಕಿಗೆ ಬಂತು. ಎರಡು ಊರುಗಳ ನಡುವಿನ ಬಯಲು ದಾಟಿದ್ದು ನಮಗೆ ಗೊತ್ತೂ ಆಗಲಿಲ್ಲ. ಹಲಸೂರಿನಲ್ಲಿ ಇಳಿದಾಗ ಗೇಟು ಟೋಕನ್ ನುಂಗಿಕೊಂಡಿತು. ‘ವಾಪಸ್ ಕೊಡಲ್ವಾ?’ ಅಂತ ಅಪ್ಪ ಸ್ವಲ್ಪ ಹೊತ್ತು ಅಲ್ಲೇ ನಿಂತ.

ಕಣ್ಣಿನ ಆಪರೇಷನ್ ಆಗಿ ವಾರದ ಮೇಲೆ ಊರಿಗೆ ಹೊರಟ. ಆವತ್ತು ಹಾಕಿದ್ದು ಹಳೇ ಅಂಗಿ, ಎದೆ ಮೇಲೆ ಬಾಳೆಗೊನೆಯ ಕರೆ. ಬದಲಾಯಿಸಪ್ಪ ಅನ್ನೋಕೆ ಬಾಯಿ ತೆರೆದವಳು ಸುಮ್ಮನಾದೆ. ನಾನು ಹಾಗಂದಿದ್ದರೆ ಆ ಗೇಟಿನಲ್ಲಿ ನಿಂತವಳು ನಾನೇ ಆಗ್ತಿದ್ದೆ.

ಆವತ್ತೂ ಯಾರೂ ಏನೂ ಅನ್ನಲಿಲ್ಲ. ರೈಲು ಹತ್ತುವ ಮುಂಚೆ ಅಪ್ಪ ಫಾರಂನ ಹಳೇ ಜೊತೆಗಾರನಿಗೆ ಫೋನ್ ಮಾಡಿದ. ‘ನೀನೂ ಕಣ್ ತೋರುಸ್ಕಬಾರ್ಲಾ. ಇಂಗೇ ಇರೋ ಬಟ್ಟೇಲೇ ಬಾ. ಬುಡ್ತಾರೆ ಕಣ್ಲಾ, ಒಳಿಕ್ ಬುಡ್ತಾರೆ.’

‘ಬುಡ್ತಾರೆ’ ಅನ್ನೋ ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಬಸ್ ಸ್ಟ್ಯಾಂಡಿಗೆ ಹೋಗುವಾಗ ಅಪ್ಪ ಯಾವತ್ತೂ ಆ ಮಾತು ಆಡಿದವನಲ್ಲ.